ಸಾದಾ ಫಿಟ್ಸ್ ಎಂದು ಬರೆದವಳು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕೊರಟಗೆರೆಗೆ ಮೂರು ವರ್ಷ ಪ್ರೈವೇಟ್ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ಓದಿದ್ದು. ಅದಕ್ಕೇ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕೆಲಸ ಸಿಕ್ಕಾಗ ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತೆ.

ಡಾಕ್ಟರು ಚೀಟಿಯಲ್ಲಿ ಬರೆದ ಪ್ರತಿ ಕಾಯಿಲೆಗೂ ಒಂದು ಕೋಡ್ ಇರುತ್ತದೆ. ಅದನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಮಾತ್ರೆಗೆ ಬಗ್ಗುವ ಸಾದಾ ಫಿಟ್ಸಿಗೆ ಒಂದು ಕೋಡ್, ಮಾತ್ರೆ ಬದಲಿಸಿದರೂ ಬಗ್ಗದ ಫಿಟ್ಸಿಗೆ ಬೇರೆ.

ಹೋದ ವರ್ಷದ ಹಾಗೇ ಈ ಸಲವೂ ಬೆಂಗಳೂರಿನಿಂದ ನರರೋಗದ ತಜ್ಞರು ಬರುವವರಿದ್ದರು. ಫಿಟ್ಸ್ ಮಾತ್ರೆಗೆ ಬಗ್ಗದ ಮಕ್ಕಳನ್ನಷ್ಟೇ ನೋಡುತ್ತಾರೆ, ಪಟ್ಟಿ ಬೇಕು ಎಂದು ನಮ್ಮ ಡಾಕ್ಟರು ಹೇಳಿದರು. ಬಗ್ಗದ ಫಿಟ್ಸಿನ ಕೋಡ್ ಹಾಕಿ ಬಟನ್ ಒತ್ತಿದೆ. ಬಂದ ಪಟ್ಟಿಯನ್ನು ಗೋಡೆಗೆ ಅಂಟಿಸಿದೆ.

ಬಡವನಹಳ್ಳಿ ಕಡೆಯ ತಾಯಿಯೊಬ್ಬಳು ಎಂಟು ವರ್ಷದ ಮಗಳನ್ನು ಕರೆದುಕೊಂಡು ಎರಡು ವರ್ಷದಿಂದ ತಿಂಗಳು ತಿಂಗಳೂ ಬರುತ್ತಿದ್ದಳು. ಅವತ್ತು ಯಾರಿಂದಲೋ ಪಟ್ಟಿ ಓದಿಸಿಕೊಂಡು ನನ್ನ ಮೇಜಿಗೆ ಬಂದಳು.

"ನನ್ ಮಗಳ ಹೆಸ್ರೇ ಇಲ್ವಂತಲ್ಲಕ್ಕ?"

"ಕಂಪ್ಯೂಟ್ರು ತೆಗೆದಿರೋ ಪಟ್ಟಿ ಕಣಮ್ಮ. ನಿಮ್ಮ ಮಗಳದು ಸಾದಾ ಫಿಟ್ಸು ಅಂತೈತೆ."

"ಸಾದಾನಾ? ನಿಮ್ ಕಂಪ್ಯೂಟ್ರು ಬಂದು ಒಂದಿನ ನಮ್ಮನೇಲಿ ಇರ್ಲಿ, ಆಮೇಲೆ ಹೇಳ್ಲಿ."

ಕ್ಯೂನಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ. ಚೀಲದಿಂದ ಮಾತ್ರೆಯ ಖಾಲಿ ಶೀಟುಗಳನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಓದು ಬಾರದವಳು, ಡಾಕ್ಟರು ಬದಲಿಸಿದ ಒಂದೊಂದು ಮಾತ್ರೆಯದೂ ಒಂದು ಶೀಟು ಎತ್ತಿಟ್ಟುಕೊಂಡಿದ್ದಳು. ಮೂರು ಬಗೆ ಇದ್ದವು.

"ಇದ್ರಲ್ಲೂ ಬಿದ್ಲು, ಇದ್ರಲ್ಲೂ ಬಿದ್ಲು. ಇದು ಈಗ ನುಂಗ್ತಿರೋದು. ಮೊನ್ನೆ ಒಲೆ ಪಕ್ಕಾನೇ ಬಿದ್ಬುಟ್ಲು."

ಹುಡುಗಿಯ ಮೊಣಕೈಯ ಸುಟ್ಟ ಗಾಯ ಇನ್ನೂ ಹಸಿಯಾಗಿತ್ತು.

ಫೈಲು ತೆಗೆದೆ. ಮೊದಲ ಸಲದ ಕೋಡ್ ಸಾದಾದ್ದು. ಆಮೇಲೆ ಪ್ರತಿ ಸಲವೂ ಡಾಕ್ಟರು ಮೇಲೆ 'ಫಿಟ್ಸ್, ರಿವ್ಯೂ' ಎಂದಷ್ಟೇ ಬರೆದು, ಕೆಳಗೆ ಮಾತ್ರೆಯ ಹೆಸರು ಹಾಕಿದ್ದರು. ಆ ಹೆಸರು ಎರಡು ಸಲ ಬದಲಾಗಿತ್ತು. ರಿವ್ಯೂ ಅಂದರೆ ಮತ್ತೆ ತೋರಿಸಲು ಬಂದವರು, ಅವರಿಗೆ ಹಿಂದಿನ ಕೋಡನ್ನೇ ಹಾಕಿ ಮುಂದಕ್ಕೆ ಹೋಗುವುದು ನಮ್ಮ ರೂಢಿ. ಕೆಲಸ ಬೇಗ ಆಗುತ್ತದೆ. ಮಾತ್ರೆಯ ಸಾಲಿನವರೆಗೆ ನನ್ನ ಕಣ್ಣು ಯಾವತ್ತೂ ಇಳಿದಿರಲಿಲ್ಲ. ಅಷ್ಟು ಸಲ ಸಾದಾ ಎಂದು ಬರೆದವಳು ನಾನೇ.

ಡಾಕ್ಟರ ಹತ್ತಿರ ಹೋಗಿ ಒಪ್ಪಿಕೊಂಡೆ.

"ನಾನೂ ಬಿಡಿಸಿ ಬರೆದಿಲ್ಲ ಕಣಮ್ಮ," ಅಂದರು. "ಇವಳ ಹೆಸರು ಸೇರಿಸು. ಕೋಡ್ ನಂಬ್ಕೋಬೇಡ, ಫಿಟ್ಸಿನ ಫೈಲೆಲ್ಲ ಒಂದೊಂದಾಗಿ ತೆಗೆದು ನೋಡು."

ಎರಡು ದಿನ ನೋಡಿದೆ. ಇನ್ನೂ ಕೆಲವು ಮಕ್ಕಳು ಹೀಗೇ ಬಿಟ್ಟುಹೋಗಿದ್ದರು. ಪಟ್ಟಿಯಲ್ಲಿದ್ದ ಶಿರಾ ಕಡೆಯ ಒಂದು ಮಗುವಿಗೆ ಫಿಟ್ಸ್ ನಿಂತೇಹೋಗಿತ್ತು, ಹಳೇ ಕೋಡ್ ಮಾತ್ರ ಉಳಿದಿತ್ತು.

ತಜ್ಞರು ಬಂದ ದಿನ ಹುಡುಗಿಯನ್ನು ತುಂಬ ಹೊತ್ತು ನೋಡಿ, ಬೆಂಗಳೂರಿಗೆ ಕರೆತರಲು ಬರೆದುಕೊಟ್ಟರು. ಹೊರಗೆ ಬಂದ ತಾಯಿ, "ನಿಂತೋಯ್ತದಾ ಅಕ್ಕ?" ಎಂದಳು.

ಓದಿದವಳು, ಧೈರ್ಯ ಹೇಳಬಹುದಿತ್ತು. ಸುಳ್ಳು ಬಾಯಿಗೆ ಬರಲಿಲ್ಲ.

"ಗೊತ್ತಿಲ್ಲ ಕಣಮ್ಮ. ಹೋದ್ವರ್ಷಾನೇ ಇವರು ನೋಡ್ಬೇಕಿತ್ತು, ಆಗ್ಲೇ ಎರಡು ಮಾತ್ರೆ ಸೋತಿದ್ವು. ಆ ಪಟ್ಟೀನೂ ನಾನೇ ತೆಗೆದಿದ್ದು."

ಅವಳು ನನ್ನನ್ನೇ ನೋಡಿದಳು. ಮಗಳ ಕೈ ಹಿಡಿದುಕೊಂಡು ಬಸ್ಸಿಗೆ ಹೊರಟಳು.