ಅಗಸಿಯಲ್ಲಿ ಅಡ್ಡ ನಿಂತ ಚಕ್ಕಡಿ

ನಾನು ಸಾಲಿ ಬಿಟ್ಟದ್ದು 1941ರಲ್ಲಿ. ಐದನೆಯ ಇಯತ್ತೆಯಲ್ಲಿದ್ದೆ. ಮಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರನಾಗಲಿ ಎಂದು ಅಪ್ಪನಿಗೆ ಆಸೆಯಿತ್ತು. ಆ ವರ್ಷ ಅಪ್ಪನೇ ತೀರಿಕೊಂಡ. ಅಣ್ಣ ನನ್ನನ್ನು ಬಾಗಲಕೋಟೆಯ ಒಂದು ಅರಳೆ ಗಿರಣಿಗೆ ಸೇರಿಸಿದ. ಮೊದಲು ಇಂಜಿನ್ನಿನ ಎಣ್ಣೆ ಒರೆಸುವ ಕೆಲಸ, ಆಮೇಲೆ ಪಾನಾ ಹಿಡಿದು ಬೋಲ್ಟು ಬಿಗಿಯುವ ಕೆಲಸ. ಜಂಬವೆಂದು ತಿಳಿಯಬೇಡಿ, ಇಪ್ಪತ್ತೈದು ತುಂಬುವಷ್ಟರಲ್ಲಿ ಬಾದಾಮಿಯಿಂದ ಹುನಗುಂದದವರೆಗೆ ಯಾರ ಬಾವಿಯ ಮೇಲೆ ಇಂಜಿನ್ ಕೆಟ್ಟು ನಿಂತರೂ ನನಗೇ ಹೇಳಿಕಳಿಸುತ್ತಿದ್ದರು. ನಾನು ಕೈ ಹಾಕಿದ ಇಂಜಿನ್ ತಿರುಗದೆ ಉಳಿದದ್ದು ನನಗೆ ನೆನಪಿಲ್ಲ.

1954ರಲ್ಲಿ ಮದುವೆಯಾಯಿತು. ನೀಲವ್ವ ಗುಡೂರಿನವಳು. ಮದುವೆಯಾದದ್ದು ಬೇಸಿಗೆಯಲ್ಲಿ. ನಮ್ಮ ಕಡೆ ಬೇಸಿಗೆಯಲ್ಲಿ ಎಲ್ಲರೂ ಮಣ್ಣಿನ ಮಾಳಿಗೆಯ ಮೇಲೆ ಮಲಗುವವರೇ, ಹಾಗಾಗಿ ಆಕೆ ಹಾಸಿಗೆ ಹೊತ್ತುಕೊಂಡು ಮೇಲೆ ಹೋದರೆ ಯಾರಿಗೂ ಏನೂ ಅನ್ನಿಸಲಿಲ್ಲ. ಮಳೆ ಶುರುವಾಯಿತು, ಎಲ್ಲರೂ ಒಳಗೆ ಬಂದರು, ನೀಲವ್ವ ಮಾತ್ರ ಬರಲಿಲ್ಲ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ಹಗಲೆಲ್ಲ ಒಳಗೆ ಅಡುಗೆ ಮಾಡುತ್ತಾಳೆ, ಬೀಸುತ್ತಾಳೆ, ಕುಟ್ಟುತ್ತಾಳೆ. ಕಣ್ಣು ಮುಚ್ಚುವುದು ಮಾತ್ರ ಹೊರಗೆ. ಯಾಕೆಂದು ಕೇಳಿದೆ.

"ನಾ ಸಣ್ಣಾಕಿ ಇದ್ದಾಗ ಮಳಿಗೆ ನಮ್ಮ ಮನಿ ಮಾಳಗಿ ಕುಸಿದು ಬಿತ್ರಿ. ನಮ್ಮ ತಂಗಿ ನನ್ನ ಬಾಜೂಕ ಮಲಗಿದ್ಲು" ಎಂದಳು. ಮುಂದಿನದನ್ನು ನಾನು ಕೇಳಲಿಲ್ಲ.

ನನ್ನದು ಊರೂರು ತಿರುಗುವ ಕೆಲಸ. ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಗಂಡ ಇಲ್ಲದಾಗ ಹರೆಯದ ಸೊಸೆ ಒಬ್ಬಳೇ ಹೊರಗೆ ಮಲಗುತ್ತಾಳೆ ಎಂದು ಓಣಿಯಲ್ಲಿ ಮಾತು ಹುಟ್ಟಿತು. ನಮ್ಮ ಅತ್ತಿಗೆ ಕೆಟ್ಟವಳಲ್ಲ, ಆದರೆ ಮಾತು ಕೇಳಿ ಕೇಳಿ ಆಕೆಗೂ ಸಾಕಾಗಿತ್ತು. ಒಂದು ದಿನ ನಾನು ಕೆಲಸ ಮುಗಿಸಿ ಬಂದಾಗ ನೀಲವ್ವ ಬಟ್ಟೆಯ ಗಂಟು ಕಟ್ಟಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು.

"ನನ್ನ ಗುಡೂರಿಗೆ ಬಿಟ್ಟು ಬರ್ರಿ. ಇಲ್ಲಾ ನಿಮ್ಮ ಜೋಡಿ ಕರ್ಕೊಂಡು ಹೋಗ್ರಿ."

"ನಾ ಗುಡಿ ಕಟ್ಟಿ ಮ್ಯಾಲ, ಬಾವಿ ದಂಡಿ ಮ್ಯಾಲ ಮಲಗಾಂವ. ನಿನ್ನ ಎಲ್ಲಿ ಮಲಗಿಸ್ಲಿ?"

"ಒಂದು ಹಳೇ ಮೋಟಾರ್ ಗಾಡಿ ತಗೋರಿ. ಒಳಗ ನಿಮ್ಮ ಪಾನಾ ಪೆಟಗಿ, ನನ್ನ ಒಲಿ. ಮ್ಯಾಲ ಒಂದು ಮಾಳಗಿ."

ನನಗೆ ನಗು ಬಂತು. "ಮೋಟಾರಕ್ಕ ಮಾಳಗಿ ಯಾರು ಕಟ್ತಾರ?"

"ಇಂಜಿನ್ನಿನ ಹೊಟ್ಟಿ ಬಗದು ಹೊಳ್ಳಿ ಜೋಡಸಾವ್ರು ನೀವು. ನಾಕು ಹಲಗಿ ಬಡಿಯಾಕ ಬರಂಗಿಲ್ಲೇನು?"

"ಮಳಿ ಬಂದ್ರ?"

"ಲಾರಿಗೆ ಹೊಚ್ಚೂ ತಾಡಪತ್ರಿ ಕಟ್ಟೂಣು. ಅದು ಮೈಮ್ಯಾಲ ಬಿದ್ರೂ ಎದ್ದು ಬರಬಹುದು."

ಗಂಟು ಬಿಚ್ಚಿಸಿದೆ. ಮೋಟಾರು ತರುತ್ತೇನೆ, ಅಲ್ಲಿಯವರೆಗೆ ತಡೆ ಎಂದು ಮಾತು ಕೊಟ್ಟೆ. ಮಾತು ಕೊಟ್ಟದ್ದೇನೋ ಸುಲಭ. ಹೊಂದಿಸಿಕೊಳ್ಳುವಷ್ಟರಲ್ಲಿ ಎರಡು ಮಳೆಗಾಲ ಕಳೆದವು, ಆಕೆ ಎರಡನ್ನೂ ಕಟ್ಟೆಯ ಮೇಲೆಯೇ ಕಳೆದಳು. "ಈ ಮಳಿಗಾಲಕ್ಕ ನಾ ಇಲ್ಲಿ ಇರಂಗಿಲ್ಲ ನೋಡ್ರಿ" ಎಂದು ಆಕೆ ಕಡೆಯದಾಗಿ ಹೇಳಿದ್ದು 1957ರ ಸುಗ್ಗಿಯಲ್ಲಿ. ತಮಾಷೆಗೆ ಹೇಳಿದ ಮಾತಲ್ಲ ಅದು.

ಅದೇ ಸುಗ್ಗಿಯಲ್ಲಿ ಬಾಗಲಕೋಟೆಯ ಸಾವಕಾರರೊಬ್ಬರು ಎರಡು ಹಳೆಯ ಗಾಡಿ ಮಾರುತ್ತಾರೆಂದು ಸುದ್ದಿ ಬಂತು. ಇಬ್ಬರೂ ಹೋಗಿ ನೋಡಿದೆವು. ಒಂದು ಬಸ್ಸು. ಬಣ್ಣ ಹೋಗಿದ್ದರೂ ಎತ್ತರಕ್ಕೆ, ಗಂಭೀರವಾಗಿ ನಿಂತಿತ್ತು. ನಾನು ಉದ್ದ ಆಳು, ಒಳಗೆ ತಲೆಗೆ ಪಟಗಾ ಸುತ್ತಿಕೊಂಡೂ ನೆಟ್ಟಗೆ ನಿಲ್ಲಬಹುದಿತ್ತು. ಇನ್ನೊಂದು, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಲಿಲಾವು ಕೂಗಿ ಮಾರಿದ ಗಾಡಿ. ಗಾಯಗೊಂಡವರನ್ನು ಮಲಗಿಸಿಕೊಂಡು ಒಯ್ಯುತ್ತಿದ್ದುದಂತೆ. ಗಿಡ್ಡ, ಅಗಲ, ಮೂತಿ ಜಜ್ಜಿತ್ತು.

"ಇದು ಚಲೋ ಐತ್ರಿ. ಕುಂತ ಎಮ್ಮಿ ಹಂಗ ಐತಿ" ಎಂದಳು ನೀಲವ್ವ.

"ಎಮ್ಮಿ ಏರಿ ನಾ ಊರಾಗ ಹೋಗ್ಲೇನು?" ಎಂದೆ. ಎರಡರ ಇಂಜಿನ್ನನ್ನೂ ಕಿವಿಯಿಟ್ಟು ಕೇಳಿದೆ, ಎರಡೂ ಗಟ್ಟಿ ಇದ್ದವು. ನನ್ನ ಮನಸ್ಸು ಬಸ್ಸಿನ ಮೇಲೆ ಕೂತುಬಿಟ್ಟಿತ್ತು. ಸಾವಕಾರರು ದೊಡ್ಡ ಮನಸ್ಸಿನವರು. "ಓಡಿಸಿಕೊಂಡು ಹೋಗಿ ಬಾರಪಾ, ಆಮ್ಯಾಲ ಹೇಳುವಂತಿ" ಎಂದರು.

ಒಂದೇ ಒಂದು ವಿಷಯ ನೋಡಬೇಕಿತ್ತು. ನನ್ನ ಗಿರಾಕಿಗಳಿರುವ ಊರುಗಳಿಗೆಲ್ಲ ಕಲ್ಲಿನ ಅಗಸಿಗಳು. ಊರೊಳಗೆ ಹೋಗಲು ಆ ಬಾಗಿಲನ್ನೇ ದಾಟಬೇಕು. ಅವುಗಳಲ್ಲೆಲ್ಲ ತೀರ ಗಿಡ್ಡ ಅಗಸಿ ಇರುವುದು ಹುನಗುಂದದ ಕಡೆಯ ಒಂದು ಊರಿನಲ್ಲಿ. ಅದನ್ನು ದಾಟಿದರೆ ಎಲ್ಲವನ್ನೂ ದಾಟಿದಂತೆ. ಆ ಊರಿನ ಹೊಲದಲ್ಲಿ ಇಂಜಿನ್ ರಿಪೇರಿಗೆ ಹೋದಾಗ ಕಣಕಿ, ಅಂದರೆ ಜೋಳದ ದಂಟು, ಹೇರಿದ ಚಕ್ಕಡಿಯೊಂದು ಊರ ಕಡೆ ಹೊರಟು ನಿಂತಿತ್ತು. ದಿನಾ ಇದೇ ಹೇರು ಅಗಸಿ ದಾಟುತ್ತದೆ ಎಂದರು. ನಾನು ಹಗ್ಗ ಇಳಿಬಿಟ್ಟು ಹೇರಿನ ತುದಿಯಿಂದ ನೆಲದವರೆಗೆ ಅಳತೆ ತೆಗೆದುಕೊಂಡೆ. ಆ ಹಗ್ಗವನ್ನು ಬಸ್ಸಿಗೆ ಹಿಡಿದರೆ, ಮೇಲೆ ನೀಲವ್ವ ಕೂತರೂ ಹೇರಿಗಿಂತ ಕಡಿಮೆಯೇ ಬಂತು. ಸಾಲಿ ಬಿಟ್ಟವನಾದರೂ ಲೆಕ್ಕದಲ್ಲಿ ಏನು ಕಮ್ಮಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ನೀಲವ್ವನನ್ನು ಕೂಡ್ರಿಸಿಕೊಂಡು ಬಸ್ಸನ್ನು ಆ ಊರಿಗೆ ಹೊಡೆದುಕೊಂಡು ಹೋದೆ. ಬಸ್ಸಿನ ಮೇಲೆ ಸಾಮಾನು ಹೇರಲು ಕಬ್ಬಿಣದ ಕಟಾಂಜನವಿತ್ತು, ಹಿಂದೆ ಏಣಿಯಿತ್ತು. ಬೇವೂರು ದಾಟಿದ ಮೇಲೆ ನೀಲವ್ವ ನಿಲ್ಲಿಸಲು ಹೇಳಿದಳು.

"ಮನಿ ಅಂದ ಮ್ಯಾಲ ಒಮ್ಮೆ ಕುಂತು ನೋಡಬ್ಯಾಡೇನು?"

ಕೌದಿ ಬಗಲಲ್ಲಿಟ್ಟುಕೊಂಡು ಏರಿದಳು. ದೂಳು ಬಡಿಯಬಾರದೆಂದು ಬೆನ್ನು ಮುಂದೆ ಮಾಡಿ, ಬಿಟ್ಟುಬಂದ ದಾರಿಯ ಕಡೆ ಮುಖ ಮಾಡಿ ಕೂತಳು. ನಾನು ಬಸ್ಸು ಬಿಟ್ಟೆ. ಮೇಲಿನಿಂದ ಆಕೆಯ ಹಾಡು ಒಮ್ಮೊಮ್ಮೆ ಗಾಳಿಗೆ ಕೇಳಿಸುತ್ತಿತ್ತು.

ಅಗಸಿ ಬಂತು. ನನ್ನ ಮುಂದೆ ಒಂದು ಕಣಕಿಯ ಚಕ್ಕಡಿ ಹೋಗುತ್ತಿತ್ತು. ಹೇರಿನ ಮೇಲೆ ಗಡ್ಡದ ಮುದುಕರೊಬ್ಬರು ಕೂತಿದ್ದರು. ಅವರು ಹಿಂತಿರುಗಿ ಬಸ್ಸನ್ನು ನೋಡಿದರು, ಮೇಲೆ ನೋಡಿದರು, ಕೈ ಬೀಸಿದರು. ನಾನೂ ಗತ್ತಿನಿಂದ ಕೈ ಬೀಸಿದೆ. ಚಕ್ಕಡಿ ಅಗಸಿಯ ಬಾಯಿಗೆ ಬಂದದ್ದೇ ನಿಂತಿತು. ಮುದುಕರು ಸರ್ರನೆ ಕೆಳಗಿಳಿದು, ಎತ್ತುಗಳ ಕೊರಳ ಹಗ್ಗ ಬಿಚ್ಚಿ, ಅವನ್ನು ಊರೊಳಗಿನ ಕಡೆ ಹೊಡೆದೇಬಿಟ್ಟರು. ಚಕ್ಕಡಿಯ ಮೂಗು ನೆಲಕ್ಕೆ ಊರಿತು. ದಾರಿ ಪೂರ್ತಿ ಬಂದ್.

ನಾನು ಹಾರ್ನು ಹೊಡೆದೆ. ಮತ್ತೆ ಹೊಡೆದೆ. ಸಿಟ್ಟು ನೆತ್ತಿಗೇರಿತು. ಕೆಳಗಿಳಿದು ಕೂಗಿದೆ: "ಏ, ಚಕ್ಕಡಿ ತಗೀಲೇ! ಅಗಸಿ ಏನು ನಿಮ್ಮಪ್ಪಂದೇನು?"

ಅಗಸಿ ಕಟ್ಟೆಯ ಮೇಲೆ ಕೂತವರಿಗೆ ಮೋಜು. "ಹುಸೇನಸಾಬಗ ಇವತ್ತು ಬಸ್ಸಿನ ಮ್ಯಾಲ ಸಿಟ್ಟು ಬಂದೈತಿ ನೋಡ್ರೋ" ಎಂದು ಒಬ್ಬ ನಕ್ಕ. ನಾನು ಇನ್ನೂ ನಾಲ್ಕು ಮಾತು ಸೇರಿಸಿದೆ. ಇಲ್ಲಿ ಬರೆಯುವಂಥವಲ್ಲ. ಆ ಮುದುಕರು ಗಾಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನುಸುಳಿ ಬಂದರು. ನನ್ನನ್ನು ನೋಡಲೂ ಇಲ್ಲ. ಸೀದಾ ಬಸ್ಸಿನ ಹಿಂದೆ ಹೋಗಿ ಕತ್ತೆತ್ತಿ, "ತಂಗೀ, ಮೊದಲ ನೀ ಕೆಳಗ ಇಳಿಯವ್ವಾ" ಎಂದರು. ನೀಲವ್ವ ಇಳಿದು ನೆಲದ ಮೇಲೆ ಎರಡೂ ಕಾಲೂರಿದ ಮೇಲೆ ನನ್ನ ಕಡೆ ತಿರುಗಿದರು.

"ಹಾಂ, ಈಗ ಬೈಯಪ್ಪಾ. ಎಷ್ಟು ಬೈತಿ ಬೈ. ಕೇಳ್ತೇನಿ."

"ಯಾಕ, ಏನಾತು? ನಾ ಅಳತಿ ಮಾಡೇನಿ. ಆಕಿ ಮ್ಯಾಲ ಕುಂತ್ರೂ ನಿಮ್ಮೂರ ಕಣಕಿ ಹೇರಿಗಿಂತ ಗಿಡ್ಡ ಐತಿ."

"ಹೇರು ನೋಡಿದಿ. ಹೇರು ದಾಟೂದು ನೋಡಿಯೇನು? ಹಂಗಾರ ನಿಂತು ನೋಡು."

ಎತ್ತುಗಳನ್ನು ಮರಳಿ ತಂದು ಹೂಡಿದರು. ಚಕ್ಕಡಿ ಮುಂದೆ ಸಾಗಿತು. ಅಗಸಿಯ ಮೇಲಿನ ಕಲ್ಲು ತಾಗುತ್ತಲೇ ಕಣಕಿಯ ತುದಿಗಳೆಲ್ಲ ಸರಸರನೆ ಹಿಂದಕ್ಕೆ ಬಾಗಿದವು. ಎಲೆ, ಪುಡಿ ಮಳೆಯಂತೆ ಉದುರಿತು. ಆಚೆ ಹೋದ ಮೇಲೆ ದಂಟುಗಳು ಮತ್ತೆ ಮೊದಲಿನಂತೆ ನೆಟ್ಟಗೆ ಎದ್ದು ನಿಂತವು. ಕಟ್ಟೆಯ ಮೇಲಿನ ನಗು ನಿಂತುಹೋಗಿತ್ತು.

ಆಮೇಲೆ ನಾನು ಖಾಲಿ ಬಸ್ಸನ್ನು ನಿಧಾನಕ್ಕೆ ಕಲ್ಲಿನ ಕೆಳಗೆ ತಂದು ನಿಲ್ಲಿಸಿ, ಏಣಿಯಿಂದ ಏರಿ ನೋಡಿದೆ. ಕಟಾಂಜನಕ್ಕೂ ಕಲ್ಲಿಗೂ ನಡುವೆ ಒಂದು ಗೇಣು ಜಾಗವಿತ್ತು. ಆ ಗೇಣಿನಲ್ಲಿ ನೀಲವ್ವನ ಕೌದಿ ಹಾಸಿದ್ದು ಹಾಸಿದಂತೆಯೇ ಇತ್ತು. ಬೆನ್ನು ತಿರುಗಿಸಿ ಕೂತಿದ್ದ ಆಕೆಗೆ ಕಲ್ಲು ಬರುವುದು ಗೊತ್ತೂ ಆಗುತ್ತಿರಲಿಲ್ಲ. ಹಾಡು ಹೇಳುತ್ತಲೇ ಇರುತ್ತಿದ್ದಳು. ಕೆಳಗಿಳಿದು ಗಾಲಿಗೆ ಒರಗಿ ಕೂತೆ.

ನೀಲವ್ವ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. "ಹಿಂಗ್ಯಾಕ ಕುಂತ್ರಿ? ತೆಲಿ ನಂದು. ಐತಿ ಇನ್ನೂ" ಎಂದಳು. ನಗಲು ನೋಡಿದಳು.

"ಕಾಕಾ, ನಾ ಏನೇನರೆ ಅಂದೆ..." ಎಂದು ಹುಸೇನಸಾಬರ ಕೈ ಹಿಡಿದೆ.

"ಅಂದಿ. ಕೇಳಿದೆ. ಆತಲ್ಲ? ನಡೀರಿ, ರೊಟ್ಟಿ ತಿಂದು ಹೋಗೀರಂತ."

ಅವರ ಮನೆಯಲ್ಲಿ ಬಿಸಿ ರೊಟ್ಟಿ, ಕೆಂಪು ಮೆಣಸಿನಕಾಯಿಯ ಹಿಂಡಿ, ಮೊಸರು. ಅವರ ಮನೆಯಾಕೆ ನೀಲವ್ವನನ್ನು ಮಗ್ಗುಲಲ್ಲಿ ಕೂಡ್ರಿಸಿಕೊಂಡು ಬೆನ್ನು ಸವರುತ್ತಲೇ ಇದ್ದರು. ನಾನು ಕೇಳಿದೆ, ಎತ್ತು ಯಾಕೆ ಬಿಚ್ಚಿದಿರಿ ಎಂದು.

"ಕೈ ಬೀಸಿದೆ, ನೀ ನಮಸ್ಕಾರ ಅಂತ ತಿಳದಿ. ಬಾಯಿ ಮಾಡಿದ್ರ ನಿನ್ನ ಮೋಟಾರ ಸದ್ದಿನಾಗ ಯಾರಿಗೆ ಕೇಳಸ್ತೈತಿ? ಬರೇ ನಿಲ್ಲಿಸಿದ್ರ, ಕಟ್ಟಿ ಮ್ಯಾಲಿನ ಮಂದಿ ಎತ್ತಿನ ಬಾಲಾ ತಿರುವಿ ಚಕ್ಕಡಿ ಹೊಡೀತಿದ್ರು. ಎತ್ತ ಇಲ್ಲದ ಹೇರು ಯಾರು ಸರಸ್ತಾರ ಹೇಳು?"

ಊಟವಾದ ಮೇಲೆ ಅವರೇ ಒಂದು ಉದ್ದ ಗಳ ತಂದರು. ಅಗಸಿಯಲ್ಲಿ ಅದನ್ನು ನಿಲ್ಲಿಸಿ ಕಲ್ಲಿನ ಎತ್ತರಕ್ಕೆ ಗುರುತು ಹಾಕಿದೆವು. ನಾನು ರೂಢಿಯಂತೆ ಕೆಳಗಿನಿಂದ ಚಕ್ರ, ಮೈ, ಹಲಗೆ ಎಂದು ಅಳೆಯತೊಡಗಿದೆ. ನೀಲವ್ವ ಗಳ ಕಸಿದುಕೊಂಡು ತಲೆಕೆಳಗು ಮಾಡಿದಳು.

"ಚಕ್ರದಿಂದ ಶುರು ಮಾಡಿದ್ರಿ ಅಂತನ ಹಿಂಗಾತು. ನನ್ನ ತೆಲಿಯಿಂದ ಶುರು ಮಾಡ್ರಿ. ನಾ ಕುಂತು ಉಳಿದದ್ದು ಮೋಟಾರಕ್ಕ."

ಹುಸೇನಸಾಬರು ಗಡ್ಡ ಹಿಡಿದುಕೊಂಡು ನಕ್ಕದ್ದೇ ನಕ್ಕದ್ದು. "ಮಗನ, ಇನ್ನ ಮ್ಯಾಲ ಅಳತಿ ಆಕಿ ಕೈಯಾಗ ಕೊಟ್ಟಬಿಡು" ಎಂದರು. ನೀಲವ್ವ ನೆಲದ ಮೇಲೆ ಕೂತಳು. ಆಕೆಯ ತುರುಬಿನ ಮೇಲೆ ತಾಡಪತ್ರಿಯ ಕಮಾನಿಗೆ ಜಾಗ ಬಿಟ್ಟು, ಆಮೇಲೆ ಹಲಗೆಯ ದಪ್ಪ ಬಿಟ್ಟು ಗಳಕ್ಕೆ ಗೀರು ಹಾಕಿದೆ. ಉಳಿದದ್ದು ಆ ಮಿಲಿಟರಿ ಗಾಡಿಗೆ ಮಾತ್ರ ಸರಿಹೊಂದುತ್ತಿತ್ತು.

ಬಸ್ಸು ಒಯ್ದು ನಿಲ್ಲಿಸಿದಾಗ ಸಾವಕಾರರಿಗೆ ಆಶ್ಚರ್ಯ. "ಇಷ್ಟು ಚಂದದ ಬಸ್ ಬಿಟ್ಟು ಈ ಎಮ್ಮಿ ಒಯ್ತಿಯೇನಪಾ?" ಎಂದರು. "ಹೌದ್ರಿ" ಎಂದೆ. ಹೆಚ್ಚು ಮಾತಾಡಲು ನನಗೆ ಮುಖವಿರಲಿಲ್ಲ.

ಇಳಕಲ್ಲಿನ ಬಡಿಗೇರೊಬ್ಬರು ಮೇಲೆ ಹಲಗೆ ಕೂಡಿಸಿ, ಸುತ್ತ ಮೊಳಕಾಲೆತ್ತರದ ಕಟಕಟೆ ಮಾಡಿ, ಬಿದಿರಿನ ಕಮಾನು ಬಗ್ಗಿಸಿ ಕೊಟ್ಟರು. ಒಳಗೆ ನಾನು ನೆಟ್ಟಗೆ ನಿಲ್ಲುವ ಹಾಗಿಲ್ಲ, ಇವತ್ತಿಗೂ ಬಗ್ಗಿಯೇ ಓಡಾಡುತ್ತೇನೆ. ಮೊದಲು ಹೋದದ್ದು ಆ ಅಗಸಿಗೇ. ಅಳತೆ ಸರಿಯಿದೆ ಎಂದು ಗೊತ್ತಿದ್ದರೂ ನೀಲವ್ವ ಇಳಿದು ಹುಸೇನಸಾಬರ ಜೋಡಿ ನಡೆದು ದಾಟಿದಳು. ಗಾಡಿ ಕಮಾನಿನ ಸಮೇತ ಎಲ್ಲಿಯೂ ತಾಗದೆ ಆಚೆ ಬಂತು. ಆ ಮಳೆಗಾಲದಲ್ಲಿ ಶಿವಯೋಗ ಮಂದಿರದ ಬಳಿ ಮಲಪ್ರಭೆಯ ದಂಡೆಯಲ್ಲಿ ಇಳಿದುಕೊಂಡಿದ್ದಾಗ ಬಿರುಗಾಳಿ ಬಂದು ತಾಡಪತ್ರಿ ಕಿತ್ತು ನಮ್ಮಿಬ್ಬರ ಮೇಲೆ ಬಿತ್ತು. ನಾನು ಗಾಬರಿಯಾಗಿ ತಡಕಾಡಿದೆ. ಆಕೆ ಒದ್ದೆ ತಾಡಪತ್ರಿಯ ಅಡಿಯಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. ಮಳೆಯಲ್ಲಿ ಆಕೆ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎರಡು ವರ್ಷವಾಯಿತು. ನನ್ನ ಕೈಯ ಮೇಲೆ ನನಗೆ ನಂಬಿಕೆ ಮೊದಲಿನಷ್ಟೇ ಇದೆ. ಆದರೆ ದಾರಿಗೆ ಯಾರಾದರೂ ಅಡ್ಡ ಬಂದರೆ ಈಗ ಹಾರ್ನು ಹೊಡೆಯುವುದಿಲ್ಲ, ಇಳಿದು ಹೋಗಿ ಏನೆಂದು ಕೇಳುತ್ತೇನೆ. ಗುರುತಿಲ್ಲದ ಹೆಣ್ಣುಮಗಳೊಬ್ಬಳಿಗಾಗಿ, ಅವಳ ಗಂಡನಿಂದ ಊರ ಮುಂದೆ ಅಷ್ಟು ಬೈಸಿಕೊಂಡು ತಿರುಗಿ ಒಂದು ಕೆಟ್ಟ ಮಾತನ್ನೂ ಆಡದೆ ನಿಂತ ಆ ಹಿರಿಯರ ಋಣ ಹೇಗೆ ತೀರಿಸಲಿ, ನನಗೆ ತಿಳಿದಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ನೀಲವ್ವ. ಹೋದ ವರ್ಷ ಹುಟ್ಟಿದ ಒಬ್ಬ ಮಗಳು. ಜಜ್ಜಿದ ಮೂತಿಯ ಒಂದು ಮೋಟಾರು. ಎರಡು ಪಾನಾ ಪೆಟ್ಟಿಗೆ. ಹಾಲಿಗೆ ಒಂದು ಆಡು. ಸ್ವಂತ ಮನೆ ಇಲ್ಲ. ಹುಸೇನಸಾಬರ ಊರಿನಲ್ಲಿ, ಅವರ ಕಣದ ಮೂಲೆಯಲ್ಲಿ, ನಾವು ಬಂದರೆ ಇರಲಿ ಎಂದು ಬಣವೆ ಒಟ್ಟದೆ ಬಿಟ್ಟಿರುವ ಒಂದು ಮೋಟಾರು ನಿಲ್ಲುವಷ್ಟು ಜಾಗ.