ರಾಬಿಗ್‌ನ ಶುಕ್ರವಾರದ ಹುಟ್ಟುಹಬ್ಬಗಳು

ತೊಂಬತ್ತರ ದಶಕದ ನಡುವೆ, ಸೌದಿಯ ರಾಬಿಗ್‌ನಲ್ಲಿ ನನ್ನ ಹನ್ನೆರಡನೆಯ ತರಗತಿ ಮುಗಿದ ವರ್ಷವೇ, ಪಪ್ಪನ ಕಫೀಲ್, ಅಂದರೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡಿದ್ದ ಧಣಿ, ಕಂಪನಿ ಮುಚ್ಚಿ ಮಾಯವಾದ. ಅವನ ಸಹಿ ಇಲ್ಲದೆ ಪಪ್ಪನ ಇಕಾಮಾ, ಅಲ್ಲಿ ವಾಸಿಸುವ ಪರವಾನಗಿ, ನವೀಕರಣವಾಗಲಿಲ್ಲ. ಅದರಲ್ಲೇ ಹೆಸರಿದ್ದ ಮಮ್ಮಿ ಮತ್ತು ನಾನು ಕೂಡ ಕಾಗದವಿಲ್ಲದವರಾದೆವು. ಅಲ್ಲಿನ ಕಾಲೇಜುಗಳು ನಮ್ಮಂಥವರಿಗಲ್ಲ. ಮಂಗಳೂರಿಗೆ ಹೋಗಿ ಓದೋಣವೆಂದರೆ ಪಾಸ್‌ಪೋರ್ಟುಗಳು ಕಫೀಲನ ಹತ್ತಿರ. ಪಪ್ಪ ಗುಟ್ಟಾಗಿ ಬೇರೊಬ್ಬರ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದರು. ನಾನು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ಅಲೆಯುತ್ತಿದ್ದೆ.

"ಒಂದು ಕಡೆ ಕೂತ್ಕೊಳ್ಳೇ ಮಾರಾಯ್ತಿ, ನಂಗೆ ತಲೆ ತಿರುಗ್ತದೆ," ಎಂದು ಮಮ್ಮಿ ಬೈಯುತ್ತಿದ್ದರು. ಕೂತರೆ ನನಗೆ ಹುಚ್ಚು ಹಿಡಿಯುತ್ತಿತ್ತು.

ಮೇಲಿನ ಮನೆಯ ಆಂಟಿ ಊರಿನಲ್ಲಿ ಕಾಮರ್ಸ್ ಲೆಕ್ಚರರ್ ಆಗಿದ್ದವರು. ಶುಕ್ರವಾರ ಅವರ ಮನೆಯಲ್ಲಿ ನಾವು ಕೆಲವು ಕ್ರೈಸ್ತ ಕುಟುಂಬಗಳು ಸೇರಿ ಕದ್ದು ಜಪಸರ ಹೇಳುತ್ತಿದ್ದೆವು. ಆ ದೇಶದಲ್ಲಿ ಅದಕ್ಕೆ ಅನುಮತಿ ಇಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಹುಟ್ಟುಹಬ್ಬವೆನ್ನಲು ಇರಲಿ ಎಂದು ಮೇಜಿನ ಮೇಲೊಂದು ಕೇಕ್, ಗೋಡೆಗೆ ಬಲೂನು. ಪ್ರಾರ್ಥನೆ ಮುಗಿದ ಮೇಲೆ ಆಂಟಿ ನನಗೆ ಬಿ.ಕಾಂ. ಪಾಠ ಹೇಳಿಕೊಡುತ್ತಿದ್ದರು. ಪರೀಕ್ಷೆ ಎಲ್ಲಿ ಬರೆಯುವುದು ಎಂಬ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಒಂದು ಶುಕ್ರವಾರ ಕಟ್ಟಡದ ಯಜಮಾನ ಬಂದ. ನಾವು ಬಾಬಾ ಎನ್ನುತ್ತಿದ್ದ ಸೌದಿ ಮುದುಕ. ಬಲೂನು ನೋಡಿ, ಯಾರ ಹುಟ್ಟುಹಬ್ಬವೆಂದು ಮುರುಕು ಹಿಂದಿಯಲ್ಲಿ ಕೇಳಿದ. ಗಾಬರಿಯಲ್ಲಿ ಎಲ್ಲರೂ ನನ್ನತ್ತ ಕೈ ತೋರಿಸಿದರು. ಅಯ್ಯೋ ದೇವರೇ! ಹೋದ ತಿಂಗಳು ನನ್ನದೇ ಹುಟ್ಟುಹಬ್ಬವೆಂದು ಅವನಿಂದ ಖರ್ಜೂರದ ಡಬ್ಬಿ ತೆಗೆದುಕೊಂಡಿದ್ದೆವು.

"ಮತ್ತೆ ಹುಟ್ಟಿದೆಯಾ?" ಎಂದು ಬಾಬಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾವ ಕಾಲೇಜು?"

ನನಗೆ ಮೈಯೆಲ್ಲ ಉರಿದುಹೋಯಿತು. "ಕಾಲೇಜೂ ಇಲ್ಲ, ಇಕಾಮಾನೂ ಇಲ್ಲ. ಇಲ್ಲೇ ಕೊಳೀತಾ ಇದ್ದೇನೆ!" ಎಂದುಬಿಟ್ಟೆ. ಪಪ್ಪನ ಮುಖ ಬಿಳಿಚಿತು.

ಬಾಬಾ ಪೊಲೀಸರನ್ನು ಕರೆಯಲಿಲ್ಲ, ಕೂತು ಕೇಕ್ ತಿಂದ. ಸರ್ಕಾರ ಈಗ ಕಾಗದವಿಲ್ಲದವರಿಗೆ ಮಾಫಿ ಕೊಟ್ಟಿದೆ, ಪಾಸ್‌ಪೋರ್ಟ್ ಇಲ್ಲದಿದ್ದರೂ ಶಿಕ್ಷೆಯಿಲ್ಲದೆ ಊರಿಗೆ ಹೋಗಬಹುದು ಎಂದ. ಆದರೆ ಇಡೀ ಕುಟುಂಬ ಬೆರಳಚ್ಚು ಕೊಟ್ಟು ಹೋಗಬೇಕು, ಪಪ್ಪ ಮತ್ತೆ ಕೆಲಸಕ್ಕೆ ಬರುವಂತಿಲ್ಲ. ಒಪ್ಪಿದರೆ ತಾನೇ ಕಚೇರಿಗೆ ಕರೆದೊಯ್ಯುವೆನೆಂದ.

ಮನೆಗೆ ಇಳಿದದ್ದೇ ಮಮ್ಮಿ ಗೋಳೋ ಎಂದು ಅತ್ತರು. "ಊರಿಗೆ ಹೋಗಿ ತಿನ್ನುದು ಎಂತ? ಈ ಪ್ರಾಯದಲ್ಲಿ ಇವರಿಗೆ ಯಾರು ಕೆಲಸ ಕೊಡ್ತಾರೆ?"

ನಾನೂ ಬಿಡಲಿಲ್ಲ. "ಹಾಗಾದ್ರೆ ಮುದುಕಿ ಆಗುವವರೆಗೆ ನಾನು ಬಲೂನ್ ಊದುದಾ?"

ಪಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ನನಗೆ ಭಯವಾಯಿತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮರುವಾರ ಬಾಬಾನ ಕಾರಿನಲ್ಲಿ ಜೆದ್ದಾಕ್ಕೆ ಹೋದೆವು. ಕಚೇರಿಯಲ್ಲಿ ಉದ್ದದ ಸಾಲು. ನಮ್ಮ ಸರದಿ ಬಂದಾಗ ಗುಮಾಸ್ತ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿದ. ಅಷ್ಟು ದಿನ ಹಾರಾಡಿದ ನಾನೇ ಪಪ್ಪನ ಅಂಗಿ ಹಿಡಿದು ಹಿಂದಕ್ಕೆಳೆದೆ.

"ಪಪ್ಪ, ಬೇಡ. ಮನೆಗೆ ಹೋಗುವ," ಎಂದೆ.

ಅಷ್ಟರಲ್ಲಿ ಪಪ್ಪ ಎರಡೂ ಕೈಗಳ ಬೆರಳುಗಳನ್ನು ಶಾಯಿಗೆ ಒತ್ತಿಯಾಗಿತ್ತು. ವೆಲ್ಡಿಂಗ್ ಮಾಡಿ ಸುಟ್ಟು ದಡ್ಡುಗಟ್ಟಿದ ಬೆರಳುಗಳ ಗುರುತು ಸರಿಯಾಗಿ ಮೂಡದೆ, ಗುಮಾಸ್ತ ಮತ್ತೆ ಮತ್ತೆ ಒತ್ತಿಸಿದ. ಪಪ್ಪ ಅಷ್ಟೂ ಸಲ ಒತ್ತಿದರು. ಆಮೇಲೆ ನನ್ನತ್ತ ತಿರುಗಿದರು.

"ಬೇಗ ಒತ್ತು ಮಗಾ," ಎಂದರು. "ಅಲ್ಲಿ ಕಾಲೇಜಿನ ಅಡ್ಮಿಷನ್ ಮುಗಿದೀತು."