ಮೊಣಕೈ ಮೇಲಿನ ಬೆರಳು

ಗೆಳೆಯ ತೀರಿಕೊಂಡ ಮೂರನೇ ವಾರ ಅವನ ಹೆಂಡತಿ ಫೋನ್ ಮಾಡಿದರು. ಇಲ್ಲಿ ಐರ್ಲೆಂಡಿನಲ್ಲಿ ಸತ್ತವರಿಗೆ ತಿಂಗಳು ತುಂಬಿದಾಗ ಅವರ ಹೆಸರಿನಲ್ಲಿ ಚರ್ಚಿನಲ್ಲಿ ಪ್ರಾರ್ಥನೆ ಇಡಿಸುತ್ತಾರೆ. ಆಮೇಲೆ ಹತ್ತಿರದವರು ಮನೆಗೆ ಬಂದು ಊಟ ಮಾಡುತ್ತಾರೆ.

"ಸ್ಯಾಂಡ್‌ವಿಚ್, ಕೇಕು ನಾನು ನೋಡ್ಕೊತೀನಿ. ಜಿಂಕೆ ಸಾರು ನೀನು ಮಾಡು. ಅದಿಲ್ಲದಿದ್ರೆ ಅವನ ಊಟ ಅನ್ನಿಸಲ್ಲ," ಎಂದರು.

ಆಗಲಿ ಎಂದೆ. ಫೋನ್ ಇಟ್ಟು ಫ್ರೀಜರ್ ತೆಗೆದು ನೋಡಿದರೆ ಬಟಾಣಿ, ಪರೋಟ, ಎರಡು ಕೋಳಿ. ಜಿಂಕೆಯದು ಒಂದು ತುಂಡೂ ಇರಲಿಲ್ಲ. ಅವನು ಹಾಸಿಗೆ ಹಿಡಿದ ಮೇಲೆ ನಾವು ಬೇಟೆಗೆಂದು ಬೆಟ್ಟಕ್ಕೇ ಹೋಗಿರಲಿಲ್ಲ.

ಕಾರ್ಕ್ ನಗರದ ಹತ್ತಿರ ರಿಂಗಾಸ್ಕಿಡಿಯ ಒಂದು ಔಷಧಿ ಕಾರ್ಖಾನೆಯಲ್ಲಿ ನಾವಿಬ್ಬರೂ ಬಾಯ್ಲರ್ ನೋಡಿಕೊಳ್ಳುತ್ತಿದ್ದೆವು. ನಾನು ಸೇರಿದ ವರ್ಷ ಅವನು ಒಂದು ದಿನ ಕಾಗದದಲ್ಲಿ ಸುತ್ತಿದ ಜಿಂಕೆ ಮಾಂಸ ತಂದುಕೊಟ್ಟ. ನಾನು ಬೇಡವೆಂದೆ.

"ಯಾಕೆ, ನಿಮ್ಮಲ್ಲಿ ಜಿಂಕೆ ಆಗಲ್ವಾ?"

"ಆಗುತ್ತೆ. ಹೊಡೆಯೋವಾಗ ಅಲ್ಲಾಹನ ಹೆಸರು ಹೇಳಿರಬೇಕು. ಹೊಡೆದವನೇ ಹೇಳಬೇಕು."

"ಹಾಗಿದ್ರೆ ನೀನೇ ಬಂದು ಹೊಡಿ, ಬಾಯ್. ಅದಕ್ಯಾಕೆ ಮುಖ ಸಣ್ಣ ಮಾಡ್ಕೊತೀಯ?" ಮಾತಿನ ಕೊನೆಗೆ ಆ 'ಬಾಯ್' ಸೇರಿಸದಿದ್ದರೆ ಕಾರ್ಕ್‌ನವರಿಗೆ ವಾಕ್ಯ ಮುಗಿಯುವುದಿಲ್ಲ.

ತಮಾಷೆಗೆ ಆಡಿದ ಮಾತು ನಿಜವಾಯಿತು. ಪೊಲೀಸರ ವಿಚಾರಣೆ, ಲೈಸೆನ್ಸು, ಬಂದೂಕು ಇಡಲು ಕಬ್ಬಿಣದ ಪೆಟ್ಟಿಗೆ, ಎಲ್ಲಕ್ಕೂ ಅವನೇ ಜೊತೆಗೆ ಓಡಾಡಿದ. ಮೊದಲ ಸಲ ಬೆಟ್ಟದಲ್ಲಿ ಪಕ್ಕಪಕ್ಕ ಮಲಗಿದ್ದಾಗ ಕಿವಿಯಲ್ಲಿ ಕೇಳಿದ, "ಅದನ್ನ ಹೇಳೋಕೆ ಎಷ್ಟು ಹೊತ್ತು ಬೇಕು? ಜಿಂಕೆ ನಿಂತ್ಕೊಂಡು ಪ್ರವಚನ ಕೇಳಲ್ಲ."

"ಬಿಸ್ಮಿಲ್ಲಾ, ಅಲ್ಲಾಹು ಅಕ್ಬರ್. ಅಷ್ಟೇ."

"ಅಷ್ಟೇನಾ? ನಮ್ಮ ಪಾದ್ರಿಗೂ ಸ್ವಲ್ಪ ಹೇಳಿಕೊಡು, ಬಾಯ್."

ಅಂದಿನಿಂದ ಅದೊಂದು ರೂಢಿಯಾಯಿತು. ನನ್ನ ಎಡಕ್ಕೆ ದುರ್ಬೀನು ಹಿಡಿದು ಅವನು ಮಲಗುತ್ತಿದ್ದ. ಜಿಂಕೆ ಅಡ್ಡಲಾಗಿ ನಿಂತು, ಗುಂಡು ತಪ್ಪಿದರೂ ಹಿಂದಿನ ಗುಡ್ಡಕ್ಕೇ ಬಡಿಯುತ್ತದೆಂದು ಖಾತ್ರಿಯಾದಾಗ ನನ್ನ ಎಡ ಮೊಣಕೈ ಮೇಲೆ ಒಂದು ಬೆರಳು ಊರುತ್ತಿದ್ದ. ಈಗ ನಿನ್ನ ಮಾತು ಹೇಳು ಎಂದು ಅದರ ಅರ್ಥ. ನಾನು ಹೇಳಿ ಹೊಡೆಯುತ್ತಿದ್ದೆ. ಅವನು ಮದುವೆಗೂ ಸಾವಿಗೂ ಬಿಟ್ಟರೆ ಚರ್ಚಿನ ಒಳಗೆ ಹೋದವನಲ್ಲ. ಆದರೆ ಆ ಬೆರಳು ಒಂದು ಸಲವೂ ತಪ್ಪಲಿಲ್ಲ.

ಪ್ರಾರ್ಥನೆ ಭಾನುವಾರವಿತ್ತು. ಗುರುವಾರ ಬೆಳಿಗ್ಗೆ ಬ್ಯಾಲಿನ್‌ಕೊಲಿಗ್‌ನ ನಮ್ಮ ಮನೆಯ ಬಾಗಿಲಲ್ಲಿ ಕೂತು ಬೂಟು ಕಟ್ಟಿಕೊಳ್ಳುತ್ತಿದ್ದೆ. ಹೆಂಡತಿ ಫ್ಲಾಸ್ಕ್ ಹಿಡಿದು ನಿಂತಿದ್ದಳು.

"ಒಬ್ರೇ ಹೋಗ್ತೀರಾ? ಮೆಟ್ಟಿಲು ಹತ್ತೋವಾಗ ಗೋಡೆ ಹಿಡ್ಕೊಳ್ಳೋರು ನೀವು."

"ಮಾತು ಕೊಟ್ಟಿದೀನಿ."

"ಕುರಿ ತಂದು ಮಾಡ್ರಿ. ನಿಮ್ಮ ಆ ಖಾರದಲ್ಲಿ ಯಾವುದು ಏನು ಅಂತ ಯಾರಿಗೆ ಗೊತ್ತಾಗುತ್ತೆ?"

"ಆಯಮ್ಮನಿಗೆ ಗೊತ್ತಾಗುತ್ತೆ."

ಅವಳು ಫ್ಲಾಸ್ಕನ್ನು ನನ್ನ ಚೀಲಕ್ಕೆ ತುರುಕಿ ಒಳಗೆ ಹೋದಳು.

ಅದು ಪಶ್ಚಿಮಕ್ಕಿರುವ ಸರ್ಕಾರಿ ಕಾಡು. ನಡೆಯಲು ಯಾರು ಬೇಕಾದರೂ ಹೋಗಬಹುದು, ಬೇಟೆಗೆ ಮಾತ್ರ ಪರ್ಮಿಟ್ ಬೇಕು. ಮರ ಕಡಿದುಬಿಟ್ಟ ಜಾಗದಲ್ಲಿ ಬುಡಗಳು, ಒಣಗಿದ ರೆಂಬೆಗಳ ರಾಶಿ, ಹಾವಸೆ ಮುಚ್ಚಿದ ಕಾಲುವೆಗಳು. ಕಾಲಿಟ್ಟ ಮೇಲೇ ಅದು ನೆಲವೋ ನೀರೋ ತಿಳಿಯುವುದು. ಮೊದಲಾದರೆ ಅವನು ಮುಂದೆ ನಡೆದು ಕೋಲಿನಿಂದ ಚುಚ್ಚಿ ನೋಡುತ್ತಿದ್ದ, ಅವನ ಹೆಜ್ಜೆಯ ಮೇಲೆ ನನ್ನ ಹೆಜ್ಜೆ. ಈ ಸಲ ಎರಡು ಕಡೆ ತೊಡೆಯವರೆಗೂ ಹೂತುಕೊಂಡೆ. ಮೊಣಕಾಲು ಒಳಗಿನಿಂದ ಸುಡತೊಡಗಿತು. ಗಾಳಿ ಎದುರಿಗೆ ಬರುವಂತೆ ಸುತ್ತು ಹಾಕಿ ಏರುವಷ್ಟರಲ್ಲಿ ಸಾಕುಸಾಕಾಗಿತ್ತು.

ಎಳೆ ಮರಗಳ ಅಂಚಿನಲ್ಲಿ ಹೆಣ್ಣು ಜಿಂಕೆಯೊಂದು ಮೇಯುತ್ತಿತ್ತು. ಹೆಣ್ಣನ್ನು ಹೊಡೆಯುವ ಕಾಲ ಮುಗಿಯಲು ಇನ್ನೂ ಕೆಲವು ದಿನಗಳಿದ್ದವು. ಒಂದು ಬುಡದ ಹಿಂದೆ ಮಲಗಿ ಬಂದೂಕು ಊರಿದೆ. ಮಳೆನೀರು ಕತ್ತಿನಿಂದ ಅಂಗಿಯೊಳಗೆ ಇಳಿಯುತ್ತಿತ್ತು. ಜಿಂಕೆ ತಲೆ ಎತ್ತಿತು, ಒಂದು ಕಿವಿ ಅಲ್ಲಾಡಿಸಿತು, ಅಡ್ಡಲಾಗಿ ತಿರುಗಿತು. ಹಿಂದೆ ಗುಡ್ಡವಿತ್ತು. ಎಲ್ಲವೂ ಸರಿಯಿತ್ತು. ಆದರೂ ನಾನು ಕಾಯುತ್ತಿದ್ದೆ. ಯಾಕೆ ಕಾಯುತ್ತಿದ್ದೇನೆಂದು ಆಗ ತಿಳಿಯಲಿಲ್ಲ. ಜಿಂಕೆ ಹೆಜ್ಜೆ ಎತ್ತಿದ್ದು ಕಂಡಿತು. ಹೊಡೆದೆ.

ಅದು ನೆಗೆದು ಎಳೆ ಮರಗಳ ಹಿಂದಿನ ಕೊರಕಲಿಗೆ ಓಡಿತು. ಗುಂಡು ತಗುಲಿದ ಜಿಂಕೆಯ ಹಿಂದೆ ಕೂಡಲೇ ಓಡಬಾರದು, ಬೆನ್ನಟ್ಟಿದರೆ ಅದು ಇನ್ನೂ ದೂರ ಹೋಗುತ್ತದೆ. 'ಮೊದಲು ಟೀ ಕುಡಿ' ಎಂದು ಅವನು ಪ್ರತಿ ಸಲ ನನ್ನ ತೋಳು ಹಿಡಿದು ಕೂರಿಸುತ್ತಿದ್ದ. ಕೂತೆ. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಲೋಟ ತುಟಿಗೆ ತಂದೆ. ಬಿಸ್ಮಿಲ್ಲಾ ಎಂದಿತು ನಾಲಿಗೆ, ಚಿಕ್ಕಂದಿನಿಂದ ಬಂದ ಅಭ್ಯಾಸ.

ಆಗ ಹೊಳೆಯಿತು. ಹೊಡೆಯುವಾಗ ಹೇಳಿದೆನೇ?

ಲೋಟ ಕೆಳಗಿಟ್ಟೆ. ಮತ್ತೆ ಮತ್ತೆ ಹಿಂದಕ್ಕೆ ಹೋಗಿ ನೋಡಿದೆ. ಕತ್ತಿನ ನೀರು ನೆನಪಿದೆ, ಕಡಿದ ಮರದ ಅಂಟಿನ ವಾಸನೆ ನೆನಪಿದೆ, ಆ ಕಿವಿ ನೆನಪಿದೆ. ನನ್ನ ತುಟಿ ಅಲ್ಲಾಡಿದ್ದು ಮಾತ್ರ ನೆನಪಿಲ್ಲ.

ಒಂದೇ ದಾರಿ ಉಳಿದಿತ್ತು. ಜಿಂಕೆಗೆ ಇನ್ನೂ ಜೀವವಿದ್ದರೆ ಹೆಸರು ಹೇಳಿ ಚಾಕು ಹಾಕಬಹುದು, ಆಗ ಮಾಂಸ ಹಲಾಲ್. ಎದ್ದೆ. ರಕ್ತದ ಹನಿ ಹುಡುಕುತ್ತ ಕೊರಕಲಿಗೆ ಇಳಿಯುವಾಗ ನಾನು ಬೇಡಿಕೊಳ್ಳುತ್ತಿದ್ದುದು ಅದನ್ನೇ. ಅದು ಬದುಕಿರಲಿ. ನರಳುತ್ತಿದ್ದರೂ ಸರಿ, ಬದುಕಿರಲಿ. ಇಷ್ಟು ವರ್ಷ ಒಂದೇ ಏಟಿಗೆ ಜೀವ ಹೋಗಲಿ ಎಂದು ಬೇಡಿದವನು ನಾನು. ಆ ಬೆಳಿಗ್ಗೆ ಒಂದು ಮೂಕ ಪ್ರಾಣಿಗೆ ನೋವು ಬೇಡಿದೆ.

ಅದು ಕಾಲುವೆಯ ಪಕ್ಕ ಬಿದ್ದಿತ್ತು. ಕಣ್ಣನ್ನು ಹುಲ್ಲುಕಡ್ಡಿಯಿಂದ ಮುಟ್ಟಿದೆ. ರೆಪ್ಪೆ ಅಲ್ಲಾಡಲಿಲ್ಲ. ಹೃದಯಕ್ಕೇ ತಾಗಿತ್ತು ಗುಂಡು. ಅವನಿದ್ದಿದ್ದರೆ 'ಗ್ರ್ಯಾಂಡ್' ಎನ್ನುತ್ತಿದ್ದ, ಇಲ್ಲಿಯವರ ಶಭಾಷ್ ಅದು.

ಹೊಟ್ಟೆ ಸೀಳಿ ಕರುಳು ತೆಗೆದೆ. ಮೊದಲು ಇಬ್ಬರೂ ಹಗ್ಗದ ಒಂದೊಂದು ತುದಿ ಹೆಗಲಿಗೆ ಹಾಕಿ ಎಳೆಯುತ್ತಿದ್ದೆವು. ಅವನು ದಾರಿಯುದ್ದಕ್ಕೂ ಜಿಂಕೆಯನ್ನೂ ಮಳೆಯನ್ನೂ ಸರ್ಕಾರವನ್ನೂ ಬೈಯುತ್ತಿದ್ದ. ಆ ಬೈಗುಳದಲ್ಲಿ ಭಾರ ತಿಳಿಯುತ್ತಿರಲಿಲ್ಲ. ಈಗ ನಾಲ್ಕು ಹೆಜ್ಜೆಗೆ ಒಮ್ಮೆ ನಿಂತೆ. ಕೊಂಬೆ ಸಿಕ್ಕಿಕೊಂಡಾಗ ಬಿಡಿಸಿ, ಜಾರಿದಾಗ ಕೂತು, ಹಗ್ಗ ಕೈ ಬದಲಿಸಿ. ಕಾರಿನ ಬಳಿ ಬರುವಾಗ ಮಧ್ಯಾಹ್ನ ಇಳಿದಿತ್ತು. ಫೋನಿಗೆ ಸಿಗ್ನಲ್ ಬಂದದ್ದೇ ಹೆಂಡತಿಯ ಕರೆ.

"ಬದುಕಿದೀರಾ?"

"ಬದುಕಿದೀನಿ. ಸಿಕ್ತು." ನಡೆದದ್ದನ್ನು ಹೇಳಿದೆ.

"ಮರೆತು ಬಿಟ್ಟಿದ್ರೆ ಮಾಫಿ ಐತೆ ಅಂತ ನಿಮಗೇ ಗೊತ್ತಲ್ಲ. ಬೇಕಂತ ಬಿಟ್ರೆ ತಾನೇ ತಪ್ಪು?"

"ಮರೆತ್ನಾ ಇಲ್ವಾ ಅಂತಾನೇ ಗೊತ್ತಿಲ್ಲ."

"ಮತ್ತೇನು ಮಾಡ್ತಿದ್ರಿ ಅಲ್ಲಿ?"

ಅವನ ಬೆರಳಿಗೆ ಕಾಯುತ್ತಿದ್ದೆ. ಅದನ್ನು ಫೋನಿನಲ್ಲಿ ಹೇಳುವುದು ಹೇಗೆ?

ಭಾನುವಾರ ಗೆಳೆಯನ ಮನೆಯ ಅಡುಗೆಮನೆಯಲ್ಲೇ ಸಾರು ಮಾಡಿದೆ. ಗಸಗಸೆ, ಕೊಬ್ಬರಿ, ಕೊತ್ತಂಬರಿ ರುಬ್ಬಿ ಹಾಕಿದೆ, ಅವನಿಗೆ ಇಷ್ಟವಾದಷ್ಟು ಮೆಣಸು. ಚರ್ಚಿನಿಂದ ಬಂದವರು ಮೂಗು ಒರೆಸುತ್ತ ಎರಡನೇ ಸಲ ಹಾಕಿಸಿಕೊಂಡರು. ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಮಾಫಿ ಇದ್ದರೂ ಮನಸ್ಸು ಒಪ್ಪದೆ ನಾನು ಗೋಡೆಯ ಪಕ್ಕ ಬ್ರೆಡ್ಡು ಮುರಿಯುತ್ತ ಕೂತೆ. ಅವನ ಹೆಂಡತಿ ಬಂದು ಎದುರಿನ ಕುರ್ಚಿ ಎಳೆದುಕೊಂಡರು.

"ನಿನ್ನ ಸಾರು ನೀನೇ ತಿಂತಿಲ್ಲ. ಏನಾಗಿದೆ ಅದಕ್ಕೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ. ಆಕೆ ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಒಟ್ಟು ಮಾಡಿದರು.

"ಮನೆಗೆ ಬಂದು ಗೊಣಗ್ತಿದ್ದ, ಗೊತ್ತಾ? 'ನನ್ನ ಪ್ರಾರ್ಥನೆಯೇ ನನಗೆ ನೆನಪಿರಲ್ಲ, ಅವನದೂ ನಾನೇ ನೋಡ್ಕೋಬೇಕು' ಅಂತ." ನಕ್ಕರು. ಆಮೇಲೆ ಕಣ್ಣು ತುಂಬಿಕೊಂಡು, "ಅವನಿದ್ದಿದ್ರೆ ನಿನಗೆ ಚೆನ್ನಾಗಿ ಬೈತಿದ್ದ," ಎಂದರು.

ಪರವಾಗಿಲ್ಲ, ತಿನ್ನು ಎಂದು ಹೇಳಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ. ಎದ್ದು ಎರಡು ಮೊಟ್ಟೆ ಬೇಯಿಸಿ, ಸಿಪ್ಪೆ ತೆಗೆದು, ಉಪ್ಪಿನ ಜೊತೆ ನನ್ನ ಮುಂದಿಟ್ಟರು. ಆ ಮನೆ ತುಂಬ ನನ್ನ ಮಸಾಲೆಯ ವಾಸನೆ. ನಾನು ಮೊಟ್ಟೆ ತಿಂದೆ.

ಉಳಿದ ಮಾಂಸವನ್ನೆಲ್ಲ ಅವರ ಫ್ರೀಜರಿನಲ್ಲೇ ಇಟ್ಟು ಬಂದೆ. ಆಮೇಲೆ ನಾನು ಬೆಟ್ಟಕ್ಕೆ ಹೋಗಿಲ್ಲ. ಪರ್ಮಿಟ್ ಇದೆ, ಬಂದೂಕು ಪೆಟ್ಟಿಗೆಯಲ್ಲಿದೆ. ಮನೆಯಲ್ಲಿ ನೀರು ಕುಡಿಯುವಾಗಲೂ ಅನ್ನಕ್ಕೆ ಕೈ ಹಾಕುವಾಗಲೂ ಬಿಸ್ಮಿಲ್ಲಾ ಈಗ ಬಾಯಿಂದ ಜೋರಾಗಿ ಬರುತ್ತದೆ. ಮೊನ್ನೆ ಹೆಂಡತಿ ತಟ್ಟೆಯಿಂದ ತಲೆ ಎತ್ತಿ ಕೇಳಿದಳು, "ಏನ್ರೀ, ಯಾರಿಗೆ ಕೇಳ್ಸಲಿ ಅಂತ ಅಷ್ಟು ಜೋರಾಗಿ ಹೇಳ್ತೀರಾ?"

ಬೆರಳಿಗೆ ಕಾಯುವವನ ಹಾಗೆ ಮೇಜಿಗೆ ಊರಿದ್ದ ಎಡ ಮೊಣಕೈಯನ್ನು ತೆಗೆದು, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮುಂದುವರಿಸಿದೆ.